ಒಂದು ಹದ, ಒಂದು ಕೂರಿಗೆ: ಗಾಂಜಾದ ಗುನ್ಹೆಯೂ ಪೋಲೀಸರ ಸರತಿಯೂ

ನಮ್ಮ ಸೀಮೆಯ ಒಕ್ಕಲಿಗನಿಗೆ ಒಂದು ವಿವೇಕವನ್ನು ಯಾರೂ ಕಲಿಸಬೇಕಾಗಿಲ್ಲ. ಹಿಂಗಾರಿ ಮಳೆ ಬಿದ್ದು ಎರೆಹೊಲವು ಹದಕ್ಕೆ ಬಂದಾಗ ಆ ಹದವು ಬಹಳ ದಿನ ಕಾಯುವದಿಲ್ಲ. ಹೊಲ ನಾಲ್ಕು ಕಡೆಗೆ ಇದ್ದು ಕೂರಿಗೆ ಒಂದೇ ಇದ್ದರೆ, ಯಾವ ಹೊಲಕ್ಕೆ ಮೊದಲು ಹೂಡಬೇಕೆಂಬುದನ್ನು ಅವನು ಅಂದೇ ನಿಶ್ಚಯಿಸಬೇಕು. ಹಿಂದುಳಿದ ಹೊಲವನ್ನು ಅವನು ಬಿಟ್ಟುಕೊಟ್ಟನೆಂದು ಯಾರೂ ಹೇಳುವದಿಲ್ಲ, ಅದೂ ಅವನದೇ. ಆದರೆ ಯಾವದು ಮೊದಲು, ಯಾವದು ಅನಂತರ ಎಂಬುದನ್ನು ತಿಳಿಯದವನಿಗೆ ಜೋಳದ ತೆನೆ ಕೈಗೆ ಬರುವದಿಲ್ಲ.

ಸರಕಾರದ ಕೆಲಸವೂ ಇದರಂತೆಯೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಊರುಗಳ ಯಾವ ಪೋಲೀಸ ಠಾಣೆಗೆ ಹೋಗಿ ನೋಡಿದರೂ ಅಲ್ಲಿಯ ಕೆಲಸದ ಪಟ್ಟಿಯು ಉದ್ದವಾಗಿಯೇ ಇರುವದು. ಬಾವಿಯ ಮೋಟಾರಿನ ಕಳವು, ಭೀಮೆ ಕೃಷ್ಣೆಯರ ದಂಡೆಯ ಮರಳು ಸಾಗಾಟ, ರಸ್ತೆಯ ಅಪಘಾತ, ಬದುವಿನ ಜಗಳ, ಹೆಣ್ಣುಮಕ್ಕಳ ಫಿರ್ಯಾದಿ, ಮೊಬೈಲಿನಲ್ಲಿ ಮಾತಾಡಿ ಬ್ಯಾಂಕಿನ ದುಡ್ಡು ಎತ್ತುವ ಹೊಸ ವಂಚನೆ — ಇವೆಲ್ಲವಕ್ಕೂ ಅದೇ ನಾಲ್ಕಾರು ಮಂದಿ ಸಿಪಾಯಿಗಳೇ ಓಡಾಡಬೇಕು. ಇಂಥ ಪಟ್ಟಿಯಲ್ಲಿ, ಕಿಸೆಯಲ್ಲಿ ಚಿಟಿಕೆ ಗಾಂಜಾ ಇಟ್ಟುಕೊಂಡವನನ್ನು ಹಿಡಿಯುವ ಕೆಲಸವು ಎಷ್ಟನೆಯದಾಗಿರಬೇಕು? ಈ ಲೇಖನದಲ್ಲಿ ನಾನು ವಿಚಾರ ಮಾಡಹೊರಟಿರುವದು ಇದೊಂದೇ ಪ್ರಶ್ನೆಯನ್ನು.

ಈ ವಿಷಯವನ್ನು ನಾನು ಪುಸ್ತಕದಿಂದ ಆರಿಸಿಕೊಂಡುದಲ್ಲ. ಎರಡು ವರ್ಷಗಳ ಹಿಂದೆ ನಮ್ಮ ಕಡೆಯ ಹುಡುಗನೊಬ್ಬನು, ಶಾಲೆಯಲ್ಲಿ ನನಗಿಂತ ಒಂದು ವರ್ಗ ಕೆಳಗಿದ್ದವನು, ಒಂದು ಜಾತ್ರೆಯಲ್ಲಿ ಸಿಕ್ಕುಬಿದ್ದನು. ಅವನ ಕಿಸೆಯಲ್ಲಿ ಕಾಗದದಲ್ಲಿ ಮಡಿಚಿದ ಚಿಟಿಕೆ ಗಾಂಜಾ ಇತ್ತು. ಊರಾವದು, ಠಾಣೆಯಾವದು ಎಂಬುದು ಇಲ್ಲಿ ಬೇಡ. ತಪ್ಪು ತನ್ನದೆಂಬುದನ್ನು ಅವನೂ ಅಲ್ಲಗಳೆಯಲಿಲ್ಲ. ಆದರೆ ಮುಂದೆ ನಡೆದುದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಜಾಮೀನಿಗೆ ನಿಲ್ಲಲು ಹೊಲದ ಉತಾರ ಇದ್ದವರೊಬ್ಬರು ಬೇಕೆಂದು ಅವನ ತಂದೆ ಮನೆಮನೆ ತಿರುಗಿದನು. “ಗಾಂಜಾದ ಖಟ್ಲೆಗೆ ನಾವು ನಿಲ್ಲೂದಿಲ್ಲಪ್ಪ” ಎಂದು ನೆಂಟರೇ ಹೇಳಿ ಕಳಿಸಿದರು. ಹನ್ನೊಂದು ದಿನಗಳ ಮೇಲೆ ಹುಡುಗನು ಹೊರಗೆ ಬಂದನು. ಅಷ್ಟರಲ್ಲಿ ಅವನ ಪರೀಕ್ಷೆ ಮುಗಿದುಹೋಗಿತ್ತು. ವಕೀಲರ ಫೀಗೆಂದು ಮನೆಯವರು ಒಂದು ಎತ್ತನ್ನು ಮಾರಿದರು. ಆ ಪುಡಿಕೆಯನ್ನು ಅವನಿಗೆ ಮಾರಿದವನು ಯಾರು ಎಂಬುದು ಮಾತ್ರ ಇಂದಿಗೂ ಗೊತ್ತಾಗಿಲ್ಲ.

ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಸಂಶಯವು ಉಳಿದುಕೊಂಡಿತು. ಕಾಯದೆಯು ಇಷ್ಟನ್ನೆಲ್ಲ ಬೇಡಿತ್ತೇ? ಕಾಯದೆಯ ಪುಸ್ತಕವನ್ನು ತೆರೆದು ನೋಡಿದಾಗ ನನಗೆ ತಿಳಿದುಬಂದುದನ್ನು ವಾಚಕರ ಮುಂದೆ ಇಡುತ್ತೇನೆ.

ಮೊದಲು ವಸ್ತುವಿನ ಪರಿಚಯವಾಗಲಿ. ಭಂಗಿಯ ಗಿಡ ಒಂದೇ; ಅದರಿಂದ ಬರುವ ಪದಾರ್ಥಗಳು ಮೂರು. ಎಲೆಯಿಂದ ಮಾಡುವದು ಭಂಗಿ. ಹೆಣ್ಣು ಗಿಡದ ಹೂವಿನ ತೆನೆಯನ್ನು ಒಣಗಿಸಿದರೆ ಗಾಂಜಾ. ಗಿಡದ ಅಂಟನ್ನು ಬೇರ್ಪಡಿಸಿ ಉಂಡೆ ಕಟ್ಟಿದರೆ ಚರಸ್. ಈಗ ಜಾರಿಯಲ್ಲಿರುವ ಮಾದಕ ಔಷಧಿ ಮತ್ತು ಮನೋವರ್ತಕ ಪದಾರ್ಥಗಳ ಕಾಯದೆಯು ಗಾಂಜಾ ಎಂದರೆ ಹೂವಿನ ಅಥವಾ ಕಾಯಿಯ ತುದಿಗಳು ಎಂದು ಹೇಳುತ್ತದೆ. ತುದಿಯೊಡನೆ ಕೂಡಿರದ ಎಲೆ ಮತ್ತು ಬೀಜಗಳನ್ನು ಹೊರಗಿಡುತ್ತದೆ. ಈ ಕಾರಣದಿಂದಲೇ ೨೦೨೨ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಒಂದು ಸ್ವಾರಸ್ಯದ ಪ್ರಕರಣವು ಬಂದಿತು. ಬೆಂಗಳೂರಿನಲ್ಲಿ ಒಬ್ಬನ ಹತ್ತಿರ ೨೯ ಕಿಲೋಗ್ರಾಂ ಭಂಗಿಯೂ ೪೦೦ ಗ್ರಾಂ ಗಾಂಜಾವೂ ಸಿಕ್ಕಿದ್ದವು. ಭಂಗಿಯು ಈ ಕಾಯದೆಯ ವ್ಯಾಪ್ತಿಗೆ ಬರುವದಿಲ್ಲವೆಂದೂ, ಗಾಂಜಾದ ತೂಕವು ಅಲ್ಪವಾದುದೆಂದೂ ಎಣಿಸಿ ನ್ಯಾಯಾಲಯವು ಅವನಿಗೆ ಜಾಮೀನು ಕೊಟ್ಟಿತು. ಒಂದೇ ಗಿಡದ ಎಲೆಯು ಒಂದು ಕಾಯದೆಗೂ ಹೂವು ಮತ್ತೊಂದು ಕಾಯದೆಗೂ ಸೇರಿರುವದನ್ನು ನೋಡಿದರೆ, ಈ ಗಡಿಯನ್ನು ಸೃಷ್ಟಿಯು ಹಾಕಿದ್ದಲ್ಲ, ಮನುಷ್ಯರು ಕೂಡಿ ಮಾತಾಡಿ ಹಾಕಿದ್ದು ಎಂಬುದು ಸ್ಪಷ್ಟವಾಗುವದು.

ಆ ಮಾತುಕತೆಯ ಇತಿಹಾಸವು ದೊಡ್ಡದು. ೧೮೯೩ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದುದರಿಂದ ಹಿಂದುಸ್ತಾನ ಸರಕಾರವು ಈ ಗಿಡದ ಬಗ್ಗೆ ಒಂದು ಆಯೋಗವನ್ನು ನೇಮಿಸಿತು. ಮ್ಯಾಕ್‌ವರ್ಥ್ ಯಂಗ್ ಎಂಬವರು ಅದರ ಅಧ್ಯಕ್ಷರು. ಏಳು ಮಂದಿ ಸದಸ್ಯರಲ್ಲಿ ಮೂವರು ನಮ್ಮ ದೇಶದವರು. ದೇಶದ ನಾನಾ ಭಾಗಗಳಿಂದ ೧,೧೯೩ ಸಾಕ್ಷಿಗಳ ಹೇಳಿಕೆಗಳನ್ನು ಪಡೆದು ೧೮೯೪ರಲ್ಲಿ ಅವರು ವರದಿಯನ್ನು ಒಪ್ಪಿಸಿದರು. ಮಿತವಾಗಿ ಬಳಸುವವರಲ್ಲಿ ಹೇಳಿಕೊಳ್ಳುವಂಥ ಕೆಡಕು ಕಾಣುವದಿಲ್ಲ, ಅತಿಯಾಗಿ ಬಳಸುವವರಿಗೆ ದೇಹಕ್ಕೂ ಮನಸ್ಸಿಗೂ ಹಾನಿಯುಂಟು, ಪೂರ್ಣ ನಿಷೇಧವು ಅವಶ್ಯವೂ ಅಲ್ಲ ಹಿತಕರವೂ ಅಲ್ಲ, ತೆರಿಗೆ ಮತ್ತು ಪರವಾನಿಗೆಯ ಹತೋಟಿಯೇ ಲೇಸು — ಇದು ಅವರ ಅಭಿಪ್ರಾಯದ ಸಾರಾಂಶ. ಆಗ ನಮ್ಮ ವಿಜಾಪುರ ಜಿಲ್ಲೆಯು ಮುಂಬಯಿ ಇಲಾಖೆಯಲ್ಲಿತ್ತು.

ಸ್ವಾತಂತ್ರ್ಯಾನಂತರ ಗಾಳಿಯು ಬೇರೆಯ ದಿಕ್ಕಿಗೆ ಬೀಸಿತು. ೧೯೪೯ರ ಮುಂಬಯಿ ಪಾನನಿಷೇಧ ಕಾಯದೆಯು ಸೆರೆಯೊಡನೆ ಗಾಂಜಾ ಭಂಗಿಗಳನ್ನೂ ಬಿಗಿಮಾಡಿತು; ೧೯೫೬ರ ನವೆಂಬರ ೧ಕ್ಕೆ ನಾವು ಮೈಸೂರು ರಾಜ್ಯದಲ್ಲಿ ಕೂಡುವವರೆಗೆ ನಮ್ಮ ತಾಲೂಕುಗಳು ಆ ಆಡಳಿತದಲ್ಲಿಯೇ ಇದ್ದವು. ೧೯೬೧ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಮಾದಕ ಪದಾರ್ಥಗಳ ಏಕೀಕೃತ ಒಪ್ಪಂದವು ಆಯಿತು. ಗಾಂಜಾದ ರೂಢಿ ಇದ್ದ ದೇಶಗಳು ಅದನ್ನು ನಿಲ್ಲಿಸಲು ೨೫ ವರ್ಷಗಳ ಅವಧಿಯನ್ನು ಪಡೆದವು. ಎಲೆಯ ಭಂಗಿಯು ಆ ಒಪ್ಪಂದದಿಂದ ಹೊರಗೆ ಉಳಿಯಿತು. ಆ ಅವಧಿಯು ತೀರುತ್ತ ಬಂದಾಗ ನಮ್ಮ ಸಂಸತ್ತು ೧೯೮೫ರಲ್ಲಿ ಈಗಿನ ಕಾಯದೆಯನ್ನು ಮಾಡಿತು. ಅದು ಆ ವರ್ಷದ ನವೆಂಬರ ೧೪ರಿಂದ ಜಾರಿಗೆ ಬಂದಿತು. ವಿಶ್ವಸಂಸ್ಥೆಯ ಮಾದಕ ಪದಾರ್ಥಗಳ ಆಯೋಗವೇ ೨೦೨೦ರ ಡಿಸೆಂಬರಿನಲ್ಲಿ ಗಾಂಜಾವನ್ನು ಅತ್ಯಂತ ಕಟ್ಟುನಿಟ್ಟಿನ ನಾಲ್ಕನೆಯ ಅನುಸೂಚಿಯಿಂದ ತೆಗೆಯಲು ೨೭ಕ್ಕೆ ೨೫ ಮತಗಳಿಂದ ಒಪ್ಪಿತು. ಭಾರತವು ತೆಗೆಯುವ ಪಕ್ಷಕ್ಕೆ ಮತ ಕೊಟ್ಟಿತು. ಆದರೂ ಗಾಂಜಾವು ಒಪ್ಪಂದದ ಮೊದಲನೆಯ ಅನುಸೂಚಿಯಲ್ಲಿ ಉಳಿದಿದೆ. ನಮ್ಮ ಕಾಯದೆಯಲ್ಲಿ ಅದು ಇಂದಿಗೂ ಗುನ್ಹೆಯೇ ಆಗಿದೆ.

ಆ ಗುನ್ಹೆಗೆ ಶಿಕ್ಷೆ ಎಷ್ಟು? ೨೦೦೧ರ ತಿದ್ದುಪಡಿಯಿಂದ ತೂಕಕ್ಕೆ ತಕ್ಕಂತೆ ಮೂರು ಮೆಟ್ಟಿಲುಗಳಾದವು. ಗಾಂಜಾವು ೧ ಕಿಲೋಗ್ರಾಂವರೆಗೆ ಇದ್ದರೆ ಅಲ್ಪ ಪ್ರಮಾಣ. ಅದಕ್ಕೆ ಮೊದಲು ಆರು ತಿಂಗಳವರೆಗೆ ಇದ್ದ ಸಜೆಯನ್ನು ೨೦೧೪ರಲ್ಲಿ ಒಂದು ವರ್ಷದವರೆಗೆ ಏರಿಸಿದರು; ಇಲ್ಲವೆ ೧೦,೦೦೦ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ೨೦ ಕಿಲೋಗ್ರಾಂಗೆ ಮೇಲ್ಪಟ್ಟುದು ವ್ಯಾಪಾರಿ ಪ್ರಮಾಣ. ಅದಕ್ಕೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದೆ ಇಪ್ಪತ್ತು ವರ್ಷಗಳವರೆಗೆ ಕಠಿಣ ಸಜೆ, ಒಂದರಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ. ಇವೆರಡರ ನಡುವಿನ ತೂಕಕ್ಕೆ ಹತ್ತು ವರ್ಷಗಳವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಗಾಂಜಾ ಸೇದಿದುದಕ್ಕೇ ಬೇರೊಂದು ಕಲಮು ಉಂಟು: ಆರು ತಿಂಗಳವರೆಗೆ ಸಜೆ, ಅಥವಾ ೧೦,೦೦೦ದವರೆಗೆ ದಂಡ, ಅಥವಾ ಎರಡೂ. ಬೆಳೆದವನಿಗಂತೂ ತೂಕದ ಲೆಕ್ಕವೇ ಇಲ್ಲ. ತೊಗರಿಯ ಸಾಲಿನಲ್ಲಿ, ಕಬ್ಬಿನ ನಡುವೆ ಎರಡು ಗಿಡ ಹಚ್ಚಿದರೂ ಹತ್ತು ವರ್ಷಗಳವರೆಗೆ ಸಜೆಯಾಗಬಹುದು. ಒಕ್ಕಲುತನದ ಮನೆಗಳಿಂದ ಬಂದ ನಾವು ಇದನ್ನು ಚೆನ್ನಾಗಿ ತಿಳಿದಿರತಕ್ಕದ್ದು.

ಈ ಮೆಟ್ಟಿಲುಗಳನ್ನು ನೋಡಿದರೆ ಕಾಯದೆ ಮಾಡಿದವರ ಮನಸ್ಸಿನಲ್ಲಿಯೇ ಒಂದು ಸರತಿ ಇತ್ತೆಂಬುದು ಗೊತ್ತಾಗುವದು. ಲಾರಿಯಲ್ಲಿ ತುಂಬಿ ಸಾಗಿಸುವವನು ಮೊದಲು, ಚಿಟಿಕೆಯವನು ಕೊನೆಗೆ. ಆದರೆ ಠಾಣೆಯ ಕೆಲಸದಲ್ಲಿ ಈ ಸರತಿಯು ಕಾಣಿಸುವದಿಲ್ಲ. ಅಂಗಶೋಧನೆಗೆ ಮೊದಲು ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರಿಗೆ ಶೋಧಿಸಿಕೊಳ್ಳುವ ಹಕ್ಕು ಉಂಟೆಂದು ಸಿಕ್ಕವನಿಗೆ ತಿಳಿಸಬೇಕು, ಪಂಚರನ್ನು ಕರೆತರಬೇಕು, ತೂಗಬೇಕು, ಮೊಹರು ಹಾಕಬೇಕು, ಮ್ಯಾಜಿಸ್ಟ್ರೇಟರ ಮುಂದೆ ಪಟ್ಟಿ ಮಾಡಿಸಿ ಮಾದರಿಯನ್ನು ತೆಗೆಯಬೇಕು, ಅದನ್ನು ಪ್ರಯೋಗಾಲಯಕ್ಕೆ ಕಳಿಸಿ ವರದಿಗೆ ಕಾಯಬೇಕು, ಅನಂತರ ಆರೋಪಪಟ್ಟಿ, ತಾರೀಖು, ಸಾಕ್ಷಿ. ಚಿಟಿಕೆ ಸಿಕ್ಕರೂ ಲಾರಿ ಸಿಕ್ಕರೂ ಪೋಲೀಸರ ಪಾಲಿಗೆ ಹೆಚ್ಚುಕಡಿಮೆ ಇಷ್ಟೇ ಕೆಲಸ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ವಾರ್ಷಿಕ ವರದಿಗಳನ್ನು ನೋಡಿದರೆ, ಈಚಿನ ಹಲವು ವರ್ಷಗಳಲ್ಲಿ ಈ ಕಾಯದೆಯ ಖಟ್ಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ವಂತ ಬಳಕೆಗೆ ಇಟ್ಟುಕೊಂಡವರ ಮೇಲಿನವೇ ಆಗಿವೆ. ಚಿಟಿಕೆಯವನು ಜಾತ್ರೆಯಲ್ಲಿ, ಬಸ್ಸುನಿಲ್ದಾಣದಲ್ಲಿ, ಕೆರೆಯ ಕಟ್ಟೆಯ ಮೇಲೆ ಸುಲಭವಾಗಿ ಸಿಗುತ್ತಾನೆ. ಸಾಗಿಸುವವನು ಅಷ್ಟು ಸುಲಭವಾಗಿ ಸಿಗುವದಿಲ್ಲ. ಸುಲಭವಾದುದೇ ಮೊದಲಾಗಿಬಿಟ್ಟಿದೆ.

ಇನ್ನೊಂದು ಮಾತು. ನಮ್ಮ ಸೀಮೆಯಲ್ಲಿ ಗಾಂಜಾವು ನಿನ್ನೆ ಮೊನ್ನೆ ಬಂದುದಲ್ಲ. ಮುದ್ದೇಬಿಹಾಳದಿಂದ ಕೃಷ್ಣೆಯ ಕೆಳಹರಿವಿನಲ್ಲಿ, ಸುರಪುರ ಸೀಮೆಯ ತಿಂಥಣಿಯಲ್ಲಿ ಮೌನೇಶ್ವರರ ಕ್ಷೇತ್ರವಿದೆ. ಹಿಂದೂ ಮುಸಲ್ಮಾನ ಎರಡೂ ಸಮಾಜದವರು ನಡೆದುಕೊಳ್ಳುವ ಸ್ಥಳವದು. ಅಲ್ಲಿಯ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ರೂಢಿಯನ್ನೂ, ಆರೂಢ ಅವಧೂತ ಮೊದಲಾದ ಪಂಥಗಳಲ್ಲಿ ಅದಕ್ಕಿರುವ ಸ್ಥಾನವನ್ನೂ ಕುರಿತು ೨೦೨೦ರ ಸೆಪ್ಟೆಂಬರಿನಲ್ಲಿ ಪತ್ರಿಕೆಗಳು ಬರೆದವು. ಅದೇ ತಿಂಗಳಲ್ಲಿ ಬೆಂಗಳೂರಿನ ಪೋಲೀಸರು ಕಲಬುರ್ಗಿ ಜಿಲ್ಲೆಯ ಕಾಳಗಿಯ ಕಡೆ ೧,೩೦೦ ಕಿಲೋಗ್ರಾಂಗೂ ಮಿಕ್ಕ ಗಾಂಜಾವನ್ನು ಹಿಡಿದ ಸುದ್ದಿಯೂ ಬಂದಿತು. ಮುದುಕನೊಬ್ಬನು ಗದ್ದುಗೆಯ ಮುಂದೆ ಕುಳಿತು ಸೇದುವ ಚಿಲುಮೆಯೂ, ನೆಲದಲ್ಲಿ ಹೂತಿಟ್ಟು ಪಟ್ಟಣಕ್ಕೆ ಸಾಗಿಸುವ ಟನ್ನುಗಟ್ಟಲೆ ಮಾಲೂ ಒಂದೇ ಕಾಯದೆಯ ಕೆಳಗೆ ಬರುತ್ತವೆ. ಅವೆರಡೂ ಒಂದೇ ತೆರನ ಗುನ್ಹೆ ಎಂದು ನಮ್ಮ ಹಳ್ಳಿಯ ಮಂದಿಯು ಎಂದೂ ತಿಳಿದಿಲ್ಲ.

ಇದೇ ತೊಡಕನ್ನು ಬೇರೆ ದೇಶದ ಜನರು ಹೇಗೆ ಬಿಡಿಸಿಕೊಂಡರೆಂಬುದನ್ನು ಈಗ ನೋಡೋಣ. ಅಮೇರಿಕೆಯ ಸಿಯಾಟಲ್ ಪಟ್ಟಣದ ಮತದಾರರು ೨೦೦೩ರ ಸೆಪ್ಟೆಂಬರಿನಲ್ಲಿ ಒಂದು ಠರಾವನ್ನು ಮತದಿಂದ ಮಂಜೂರು ಮಾಡಿದರು. ಪ್ರಾಯಸ್ಥನು ಸ್ವಂತಕ್ಕೆ ಇಟ್ಟುಕೊಂಡ ಗಾಂಜಾದ ಮೇಲಿನ ಕ್ರಮವು ಪಟ್ಟಣದ ಪೋಲೀಸರ ಮತ್ತು ಸರಕಾರಿ ವಕೀಲರ ಕೆಲಸಗಳಲ್ಲಿ ಕಟ್ಟಕಡೆಯದಾಗಿರತಕ್ಕದ್ದು ಎಂಬುದೇ ಆ ಠರಾವು. ಅದರ ಪರಿಣಾಮವನ್ನು ಲೆಕ್ಕವಿಡಲು ಒಂದು ಸಮಿತಿಯನ್ನೂ ನೇಮಿಸಿದರು. ೨೦೦೪ರಲ್ಲಿ ಓಕ್ಲೆಂಡ್, ೨೦೦೭ರಲ್ಲಿ ಡೆನ್ವರ್ ಪಟ್ಟಣಗಳ ಮತದಾರರು ಇಂಥವೇ ಠರಾವುಗಳನ್ನು ಮಾಡಿದರು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಆ ದಿನ ಆ ರಾಜ್ಯಗಳ ಕಾಯದೆಯ ಒಂದು ಅಕ್ಷರವೂ ಬದಲಾಗಲಿಲ್ಲ. ಗುನ್ಹೆಯು ಪುಸ್ತಕದಲ್ಲಿ ಇದ್ದಂತೆಯೇ ಇತ್ತು. ಪೋಲೀಸರ ಸರತಿ ಮಾತ್ರ ಬದಲಾಯಿತು. ಹಾಲೆಂಡ್ ದೇಶವು ೧೯೭೬ರಲ್ಲಿಯೇ ತನ್ನ ಅಫೀಮು ಕಾಯದೆಯನ್ನು ತಿದ್ದಿ ಗಾಂಜಾವನ್ನು ಘೋರ ಪದಾರ್ಥಗಳಿಂದ ಬೇರೆ ಮಾಡಿತು. ಪೋರ್ತುಗಲ್ ದೇಶವು ೨೦೦೧ರ ಜುಲೈದಿಂದ ಹತ್ತು ದಿನಗಳ ಬಳಕೆಗೆ ಮೀರದ ಮಾಲನ್ನು ಇಟ್ಟುಕೊಂಡವನನ್ನು ಕೋರ್ಟಿನ ಬದಲು ಒಂದು ಸಮಿತಿಯ ಮುಂದೆ ಕಳಿಸುತ್ತಿದೆ.

ಇಂಥದು ನಮ್ಮಲ್ಲಿ ಸಾಧ್ಯವೇ? ಸಿಯಾಟಲ್ಲಿನ ಹಾಗೆ ಇಂಡಿಯ ಪುರಸಭೆಯು ಠರಾವು ಮಾಡುವಂತಿಲ್ಲ. ನಮ್ಮ ಕಾಯದೆಯು ಕೇಂದ್ರದ್ದು. ಪೋಲೀಸರು ರಾಜ್ಯ ಸರಕಾರದವರು. ಊರಿನ ಸಭೆಗೆ ಅವರ ಮೇಲೆ ಅಧಿಕಾರವಿಲ್ಲ. ಅದಲ್ಲದೆ ಈ ಕಾಯದೆಯ ಎಲ್ಲ ಗುನ್ಹೆಗಳೂ ಪೋಲೀಸರು ತಾವಾಗಿಯೇ ದಾಖಲಿಸತಕ್ಕವು. ಅಂಥ ಗುನ್ಹೆಯ ಮಾಹಿತಿ ಬಂದರೆ ದಾಖಲಿಸಲೇಬೇಕೆಂದು ಸುಪ್ರೀಮ್ ಕೋರ್ಟಿನ ಸಂವಿಧಾನ ಪೀಠವು ೨೦೧೩ರಲ್ಲಿ ಲಲಿತಾಕುಮಾರಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಕಣ್ಣುಮುಚ್ಚಿ ಬಿಟ್ಟುಬಿಡಲು ಫೌಜದಾರರಿಗೆ ಅಧಿಕಾರವಿಲ್ಲ.

ಆದರೆ ದಾಖಲಿಸುವದು ಬೇರೆ, ದಸ್ತಗಿರಿ ಮಾಡುವದು ಬೇರೆ. ನಮ್ಮ ಕಥೆಯ ಹುಡುಗನ ಮಟ್ಟಿಗೆ ಮುಖ್ಯವಾದ ವಿಷಯವು ಇಲ್ಲಿಯೇ ಇದೆ. ೨೦೧೪ರಲ್ಲಿ ಅರ್ನೇಶಕುಮಾರ ಪ್ರಕರಣದಲ್ಲಿ ಅದೇ ಸುಪ್ರೀಮ್ ಕೋರ್ಟು, ಏಳು ವರ್ಷಗಳವರೆಗಿನ ಸಜೆಯ ಗುನ್ಹೆಗಳಲ್ಲಿ ದಸ್ತಗಿರಿಯು ತಾನಾಗಿಯೇ ಆಗತಕ್ಕದ್ದಲ್ಲ, ಅದರ ಅವಶ್ಯಕತೆಯನ್ನು ಬರೆದು ತೋರಿಸಬೇಕು, ಅವಶ್ಯವಿಲ್ಲದಿದ್ದರೆ ಹಾಜರಾಗಲು ನೋಟೀಸು ಕೊಡಬೇಕು ಎಂದು ವಿಧಿಸಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೩೫ನೆಯ ಕಲಮಿನಲ್ಲಿಯೂ ನೋಟೀಸಿನ ಆ ದಾರಿ ಇದೆ. ಗಾಂಜಾದ ಅಲ್ಪ ಪ್ರಮಾಣಕ್ಕೆ ಹೆಚ್ಚೆಂದರೆ ಒಂದು ವರ್ಷದ ಸಜೆ. ಜಾಮೀನನ್ನು ಅತ್ಯಂತ ಬಿಗಿಮಾಡುವ ೩೭ನೆಯ ಕಲಮಿನ ಷರತ್ತುಗಳು ವ್ಯಾಪಾರಿ ಪ್ರಮಾಣ ಮೊದಲಾದ ಘೋರ ಗುನ್ಹೆಗಳಿಗೆ ಸಂಬಂಧಪಟ್ಟವು. ಚಿಟಿಕೆಗೆ ಅವು ಅನ್ವಯಿಸುವದಿಲ್ಲ. ಹೀಗಿರಲು ಆ ಹುಡುಗನಿಗೆ ಒಂದು ನೋಟೀಸು ಕೊಟ್ಟು, ಪರೀಕ್ಷೆ ಬರೆದು ಬಂದು ಹಾಜರಾಗು ಎಂದು ಹೇಳಬಹುದಾಗಿತ್ತು. ಕಾಯದೆಯ ಯಾವ ಮಾತೂ ಅದರಿಂದ ಕೆಡುತ್ತಿರಲಿಲ್ಲ.

ಇನ್ನೆರಡು ಬಾಗಿಲುಗಳು ಅದೇ ಕಾಯದೆಯಲ್ಲಿವೆ. ೬೪-ಎ ಕಲಮಿನ ಪ್ರಕಾರ, ಚಟಕ್ಕೆ ಬಿದ್ದವನು ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪಕ್ಕೆ ಒಳಗಾದಾಗ, ತಾನಾಗಿಯೇ ಸರಕಾರಿ ಅಥವಾ ಸರಕಾರವು ಮಾನ್ಯ ಮಾಡಿದ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪಡೆದರೆ ಅವನ ಮೇಲೆ ಖಟ್ಲೆ ನಡೆಯುವದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಆ ರಿಯಾಯತಿಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ೩೯ನೆಯ ಕಲಮಿನ ಪ್ರಕಾರ, ತಪ್ಪಿತಸ್ಥನೆಂದು ಠರಾಯಿಸಿದ ಮೇಲೆಯೂ ನ್ಯಾಯಾಧೀಶರು ಅಂಥವನನ್ನು ಅವನ ಒಪ್ಪಿಗೆಯಿಂದ ಜೇಲಿನ ಬದಲು ಚಿಕಿತ್ಸೆಗೆ ಕಳಿಸಬಹುದು. ನಾನು ಈ ಎರಡು ಕಲಮುಗಳ ಹೆಸರನ್ನು ನಮ್ಮ ಊರಿನಲ್ಲಿ ಹತ್ತು ಮಂದಿ ಓದುಬರಹ ಬಲ್ಲವರನ್ನು ಕೇಳಿದೆನು. ಒಬ್ಬರಿಗೂ ಗೊತ್ತಿರಲಿಲ್ಲ. ಆ ಹುಡುಗನ ತಂದೆಗೆ ಇವು ಗೊತ್ತಿದ್ದರೆ ಅವನು ಉತಾರದವರ ಮನೆಗೆ ಹೋಗುವ ಮೊದಲು ಆಸ್ಪತ್ರೆಯ ಬಾಗಿಲಿಗೆ ಹೋಗುತ್ತಿದ್ದನೋ ಏನೋ.

ಈಗ ಆಕ್ಷೇಪಣೆಗಳನ್ನು ಕೇಳಬೇಕು. ಮೊದಲನೆಯದು ಆರೋಗ್ಯದ್ದು. ಗಾಂಜಾ ನಿರಪಾಯವೆಂದು ನಾನು ಹೇಳುವದಿಲ್ಲ. ಅದು ನೆನಪನ್ನೂ ಲಕ್ಷ್ಯವನ್ನೂ ಕುಂದಿಸುತ್ತದೆ. ಹರೆಯದಲ್ಲಿ, ಮೆದುಳು ಇನ್ನೂ ಬಲಿಯುತ್ತಿರುವಾಗ, ದಿನಾಲು ಸೇದುವವರಿಗೆ ಹೆಚ್ಚು ಕೆಡಕು. ಕೆಲವರಲ್ಲಿ ಬುದ್ಧಿಭ್ರಮಣೆಗೂ ಅದು ಕಾರಣವಾಗುವದುಂಟು. ಕೇಂದ್ರ ಸರಕಾರದ ಸಲುವಾಗಿ ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯು ಮಾಡಿ ೨೦೧೯ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್ ಬಳಸಿದವರು ಸುಮಾರು ೩.೧ ಕೋಟಿ ಮಂದಿ. ಅವರಲ್ಲಿ ಗಾಂಜಾ ಚರಸ್‌ಗಳವರು ಸುಮಾರು ೧.೩ ಕೋಟಿ. ಸುಮಾರು ೭೨ ಲಕ್ಷ ಮಂದಿಗೆ ಇದರ ಸಲುವಾಗಿ ಸಹಾಯ ಬೇಕಾಗಿದೆ. ಸೆರೆ ಕುಡಿಯುವವರು ಅದೇ ಲೆಕ್ಕದಲ್ಲಿ ೧೬ ಕೋಟಿ. ೧.೩ ಕೋಟಿ ಮಂದಿಗೆ ಸಾಕಾಗುವ ಜೇಲು ಯಾವ ದೇಶದಲ್ಲಿಯೂ ಇಲ್ಲ. ೭೨ ಲಕ್ಷ ಮಂದಿಗೆ ಬೇಕಾದ ಸಹಾಯವು ಜೇಲಿನಲ್ಲಿ ಸಿಗುವದೂ ಇಲ್ಲ. ಸಿಕ್ಕಿಬೀಳುವ ಭಯವಿದ್ದಷ್ಟು ದಿನ ರೋಗಿಯು ವೈದ್ಯನ ಮುಂದೆ ಬಾಯಿ ಬಿಡುವದಿಲ್ಲ. ಆರೋಗ್ಯದ ಮೇಲಿನ ಕಾಳಜಿಯೇ ಈ ಕೆಲಸವನ್ನು ಠಾಣೆಯಿಂದ ಆಸ್ಪತ್ರೆಗೆ ಸಾಗಿಸಬೇಕೆನ್ನುತ್ತದೆ.

ಎರಡನೆಯ ಆಕ್ಷೇಪಣೆಯು ಪೋಲೀಸರದು, ಅದು ತೂಕವುಳ್ಳದ್ದು. ಒಂದು ಕಿಲೋಗ್ರಾಂ ಗಾಂಜಾ ಎಂದರೆ ನೂರಾರು ಪುಡಿಕೆ. ಅಲ್ಪ ಪ್ರಮಾಣದ ಮರೆಯಲ್ಲಿ ಚಿಲ್ಲರೆ ಮಾರಾಟಗಾರರು ಅಡಗಿಕೊಳ್ಳುತ್ತಾರೆ. ದೊಡ್ಡವರ ಎಳೆಯು ಸಿಗುವದೂ ಚಿಕ್ಕವರಿಂದಲೇ. ಕಾಳಗಿಯ ಮಾಲಿನ ಸುಳಿವು ಕೂಡ ಬೆಂಗಳೂರಿನ ಚಿಕ್ಕ ಮಾರಾಟಗಾರನೊಬ್ಬನಿಂದ ಸಿಕ್ಕಿತೆಂದು ವರದಿಯಾಗಿತ್ತು. ಇದನ್ನು ಒಪ್ಪಿಕೊಳ್ಳಲೇಬೇಕು. ಆದ್ದರಿಂದ ತೂಕವೊಂದನ್ನೇ ನೋಡದೆ ಮಾರಾಟದ ಗುರುತುಗಳನ್ನು ನೋಡಬೇಕು. ಕಟ್ಟಿಟ್ಟ ಹಲವು ಪುಡಿಕೆಗಳು, ತಕ್ಕಡಿ, ಕೊಟ್ಟುತಂದ ದುಡ್ಡಿನ ಲೆಕ್ಕ ಇದ್ದವನು ಸರತಿಯಲ್ಲಿ ಮುಂದೆ ಬರಲಿ. ಒಂದೇ ಪುಡಿಕೆ ಇದ್ದವನು ಹಿಂದಿರಲಿ. ನೋಟೀಸು ಪಡೆದು ಮನೆಯಲ್ಲಿದ್ದವನನ್ನೂ ಮಾರಿದವನ ಬಗ್ಗೆ ಕೇಳಬಹುದು. ಹೆದರಿ ಜೇಲಿನಲ್ಲಿ ಕುಳಿತವನಿಗಿಂತ ಅವನು ಹೆಚ್ಚು ಹೇಳಿಯಾನು.

ಮೂರನೆಯದು ನನಗೇ ಹೊಳೆದ ಆಕ್ಷೇಪಣೆ, ಮತ್ತು ನನಗೆ ಎಲ್ಲಕ್ಕೂ ದೊಡ್ಡದಾಗಿ ಕಾಣುವದು ಅದೇ. ಗುನ್ಹೆಯನ್ನು ಪುಸ್ತಕದಲ್ಲಿಟ್ಟು, ಹಿಡಿಯುವದು ಬಿಡುವದು ಸಿಪಾಯಿಯ ಮರ್ಜಿಗೆ ಬಿಟ್ಟರೆ ಏನಾದೀತು? ಇದ್ದವರ ಮಗನು ಬುದ್ಧಿಮಾತು ಕೇಳಿ ಮನೆಗೆ ಹೋದಾನು; ಇಲ್ಲದವರ ಮಗನು ಲಾಕಪ್ಪಿಗೆ ಹೋದಾನು. ಬಿಡುವ ಅಧಿಕಾರಕ್ಕೆ ಬೆಲೆಯೂ ಹುಟ್ಟಿಕೊಂಡೀತು. ಆದ್ದರಿಂದ ಸರತಿ ಎಂಬುದು ಬಾಯಿಮಾತಾಗಿರಕೂಡದು. ಅದು ಬರೆದ ಆಜ್ಞೆಯಾಗಿರಬೇಕು, ಠಾಣೆಯ ಗೋಡೆಯ ಮೇಲೆ ಕನ್ನಡದಲ್ಲಿ ತೂಗುಹಾಕಿರಬೇಕು, ಎಲ್ಲ ಮನೆಯ ಮಕ್ಕಳಿಗೂ ಒಂದೇ ಆಗಿರಬೇಕು. ಸಿಯಾಟಲ್ಲಿನವರು ಲೆಕ್ಕವಿಡಲು ಸಮಿತಿ ಮಾಡಿದುದರ ಅರ್ಥವು ಇದೇ ಎಂದು ನನಗೆ ತೋರುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಮಾರಾಟದ ಗುರುತಿಲ್ಲದ ಚಿಟಿಕೆಯ ಪ್ರಕರಣದಲ್ಲಿ ದಸ್ತಗಿರಿಯ ಬದಲು ನೋಟೀಸನ್ನೇ ಕೊಡತಕ್ಕದ್ದೆಂದು ಜಿಲ್ಲೆಯ ಮೇಲಧಿಕಾರಿಗಳಿಂದ ಲಿಖಿತ ಸೂಚನೆಯಾಗಬೇಕು. ಎರಡನೆಯದಾಗಿ, ಆ ನೋಟೀಸಿನೊಡನೆಯೇ ೬೪-ಎ ಕಲಮಿನ ತಿಳುವಳಿಕೆಯ ಚೀಟಿಯನ್ನೂ ಹತ್ತಿರದ ಸರಕಾರಿ ಆಸ್ಪತ್ರೆಯ ವಿಳಾಸವನ್ನೂ ಕೊಡಬೇಕು. ಮೂರನೆಯದಾಗಿ, ವರ್ಷಕ್ಕೊಮ್ಮೆ ತಾಲೂಕುವಾರು ಲೆಕ್ಕವನ್ನು ಪ್ರಕಟಿಸಬೇಕು: ಚಿಟಿಕೆಯ ಖಟ್ಲೆ ಎಷ್ಟು, ಮಾರಾಟದ ಖಟ್ಲೆ ಎಷ್ಟು, ಚಿಕಿತ್ಸೆಗೆ ಹೋದವರು ಎಷ್ಟು. ಇವು ಮೂರಕ್ಕೂ ಸಂಸತ್ತು ಕೂಡಬೇಕಾದ ಕಾರಣವಿಲ್ಲ. ಕಾಯದೆಯನ್ನೇ ತಿದ್ದಿ, ಸ್ವಂತ ಬಳಕೆಯ ಅಲ್ಪ ಪ್ರಮಾಣವನ್ನು ಗುನ್ಹೆಯ ಪಟ್ಟಿಯಿಂದ ಬಿಡಬೇಕೆಂದು ಕೇಂದ್ರದ ಸಾಮಾಜಿಕ ನ್ಯಾಯದ ಮಂತ್ರಾಲಯವು ಶಿಫಾರಸು ಮಾಡಿತೆಂದು ೨೦೨೧ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಅದು ದೊಡ್ಡವರು ಕೂಡಿ ನಿರ್ಣಯಿಸಬೇಕಾದ ಮಾತು. ಅದಾಗುವವರೆಗೆ ನಮ್ಮ ನಾಲ್ಕು ತಾಲೂಕುಗಳಲ್ಲಿ ಇದ್ದ ಕಾಯದೆಯ ಇದ್ದ ಬಾಗಿಲುಗಳನ್ನು ತೆರೆದರೂ ಸಾಕಷ್ಟಾಯಿತು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಬಿನ್ನಹ. ಈ ಲೇಖನವನ್ನು ಯಾರೂ ಪರವಾನಿಗೆಯ ಚೀಟಿಯೆಂದು ತಿಳಿಯಬಾರದು. ಇಂದು ನಿಮ್ಮ ಕಿಸೆಯಲ್ಲಿ ಒಂದು ಪುಡಿಕೆ ಸಿಕ್ಕರೆ ಅದು ಗುನ್ಹೆಯೇ. ನೌಕರಿಗೆ ಬೇಕಾಗುವ ಪೋಲೀಸ ವರದಿಯಲ್ಲಿ ಆ ಖಟ್ಲೆಯು ನಿಮ್ಮ ಹೆಸರಿನ ಬೆನ್ನಿಗೆ ಬರುವದು. ಗೆಳೆಯನೊಬ್ಬನು ಈ ಚಟಕ್ಕೆ ಬಿದ್ದಿದ್ದರೆ ಅವನನ್ನು ನಗೆಗೀಡು ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಚಟ ಬಿಡಿಸುವ ಸಲಹೆಗೆ ೧೪೪೪೬ ಎಂಬ ಸರಕಾರದ ಉಚಿತ ದೂರವಾಣಿ ಉಂಟು. ಕೇಳುವದಕ್ಕೆ ಯಾವ ದುಡ್ಡೂ ಬೇಕಾಗುವದಿಲ್ಲ.

ನಮ್ಮ ಕಡೆಯ ಆ ಹುಡುಗನು ಮರುವರ್ಷ ಪರೀಕ್ಷೆಗೆ ಕೂಡ್ರಲಿಲ್ಲ. ಈಗ ಸೊಲ್ಲಾಪುರದ ಕಡೆ ದುಡಿಯಲು ಹೋಗಿದ್ದಾನೆಂದು ಅವನ ತಂದೆ ಹೇಳುತ್ತಾನೆ. ಹಿಂಗಾರಿಯ ಬಿತ್ತಿಗೆಗೆ ಎರಡನೆಯ ಎತ್ತು ಇಲ್ಲದ್ದರಿಂದ ಕಳೆದ ವರ್ಷ ಅವರು ನೆರೆಯವರ ಜೋಡಿಯನ್ನು ಕಾದು ತಡವಾಗಿ ಬಿತ್ತಿದರು. ಅಷ್ಟರಲ್ಲಿ ಹದ ಆರಿತ್ತು.